ಎರೆನೆಲದ ಹತ್ತಿ: ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯ ಕೃಷಿಚರಿತ್ರೆಯ ಒಂದು ಅಧ್ಯಾಯ

ಅನ್ನ ಮತ್ತು ಅರಿವೆ ಎರಡೂ ಭೂಮಿತಾಯಿಯ ಪ್ರಸಾದ. ಆದರೆ ಅನ್ನದ ವಿಷಯದಲ್ಲಿ ನಮ್ಮ ಜನ ತೋರುವ ಪೂಜ್ಯಭಾವನೆ ಅರಿವೆಯ ವಿಷಯದಲ್ಲಿ ಕಾಣುವುದು ವಿರಳ. ಉಣ್ಣುವ ಅಗುಳು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ನಾವು, ಉಟ್ಟ ಬಟ್ಟೆಯ ನೂಲು ಯಾವ ಹೊಲದಿಂದ ಬಂದಿತು, ಅದನ್ನು ಬೆಳೆದ ರೈತನ ಮನೆಯ ಸ್ಥಿತಿ ಹೇಗಿದೆ, ಆ ಹೊಲದ ಮಣ್ಣು ಜೀವಂತವಾಗಿ ಉಳಿದಿದೆಯೇ ಎಂದು ವಿಚಾರಿಸುವುದಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿ ತಾಲೂಕುಗಳಲ್ಲಿ ಹುಟ್ಟಿ ಬೆಳೆದವರಿಗಾದರೂ ಈ ವಿಚಾರಣೆ ಅಗತ್ಯ. ಏಕೆಂದರೆ ಈ ಸೀಮೆಯ ಎರೆಭೂಮಿಗೂ ಹತ್ತಿಗೂ ಇರುವ ನಂಟು ಬಹು ಹಳೆಯದು.

ಇಂದು ‘ಸಾವಯವ ಹತ್ತಿ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ರಾಸಾಯನಿಕ ಗೊಬ್ಬರ, ಕೃತಕ ಕೀಟನಾಶಕ ಮತ್ತು ಕುಲಾಂತರಿ ಬೀಜ ಈ ಮೂರನ್ನೂ ದೂರವಿರಿಸಿ ಬೆಳೆದ ಹತ್ತಿಗೆ ಈ ಹೆಸರು. ಪರದೇಶದ ಪೇಟೆಗಳಲ್ಲಿ ಅದಕ್ಕೆ ವಿಶೇಷ ಬೇಡಿಕೆಯಿದೆ. ಇದನ್ನು ಕೇಳಿದ ನಮ್ಮ ಹಿರಿಯ ರೈತರು, ನಮ್ಮ ಅಜ್ಜಂದಿರು ಬೆಳೆದದ್ದು ಬೇರೇನನ್ನು ಎಂದು ನಗುವುದುಂಟು. ಆ ನಗೆಯಲ್ಲಿ ಸತ್ಯವೂ ಇದೆ, ನೋವೂ ಇದೆ. ಅಜ್ಜನಿಗೆ ಸಹಜವಾಗಿದ್ದುದು ಮೊಮ್ಮಗನಿಗೆ ಪ್ರಮಾಣಪತ್ರ ಪಡೆದು ಸಾಧಿಸಬೇಕಾದ ವಿದ್ಯೆಯಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು.

ನೆಲದ ಗುಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶವು ಅರಸುಮನೆತನಗಳ ಕಾದಾಟಕ್ಕೆ ಪ್ರಸಿದ್ಧವಾದುದು. ವಿಜಯನಗರದ ಅರಸರಿಗೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರಿಗೂ ಈ ನೆಲಕ್ಕಾಗಿ ನಡೆದ ಯುದ್ಧಗಳನ್ನು ಶಾಲೆಯ ಪಠ್ಯಗಳಲ್ಲಿ ಎಲ್ಲರೂ ಓದಿದ್ದಾರೆ. ಆದರೆ ಅರಸರು ಬಂದು ಹೋದರೂ ಹೊಲದಲ್ಲಿ ಕೂರಿಗೆ ಹಿಡಿದು ನಿಂತವನು ರೈತನೇ. ಅವನ ಚರಿತ್ರೆ ಶಾಸನಗಳಲ್ಲಿ ವಿರಳವಾಗಿಯೂ ಮಣ್ಣಿನಲ್ಲಿ ವಿಪುಲವಾಗಿಯೂ ಬರೆಯಲ್ಪಟ್ಟಿದೆ.

ಮಸ್ಕಿಯ ಹೆಸರು ಭಾರತದ ಇತಿಹಾಸದಲ್ಲಿ ಚಿರಸ್ಥಾಯಿಯಾದದ್ದು 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರರಾಗಿದ್ದ ಬೀಡನ್ ಎಂಬವರು ಅಲ್ಲಿನ ಬಂಡೆಯ ಮೇಲಿದ್ದ ಅಶೋಕನ ಶಾಸನವನ್ನು ಆ ವರ್ಷ ಕಂಡುಹಿಡಿದರು. ಅದುವರೆಗೆ ದೊರೆತ ಶಾಸನಗಳಲ್ಲಿ ಚಕ್ರವರ್ತಿಯ ಬಿರುದು ಮಾತ್ರ ಇದ್ದಿತು. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿ ವಿದ್ವಾಂಸರ ಸಂದೇಹವನ್ನು ನಿವಾರಿಸಿತು. ಸಾಧನೆಯಿಂದ ದೊಡ್ಡವರು ಮಾತ್ರವಲ್ಲ, ಅಲ್ಪರೂ ಹಿರಿದನ್ನು ಪಡೆಯಬಲ್ಲರೆಂಬುದು ಆ ಶಾಸನದ ಬೋಧೆ. 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ, ಅಶೋಕನಿಗಿಂತ ಬಹಳ ಹಿಂದೆ ನೂತನ ಶಿಲಾಯುಗದ ಜನರು ಇಲ್ಲಿ ನೆಲೆಸಿದ್ದರೆಂಬುದು ದೃಢಪಟ್ಟಿತು. ಇಲ್ಲಿನ ಮಣ್ಣಿನಲ್ಲಿ ಮನುಷ್ಯನ ಕೈಯಾಡಿ ಮೂರು ಸಾವಿರ ವರ್ಷಗಳಿಗೂ ಹೆಚ್ಚಾಯಿತು.

ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ನಂಬುವಂತಹುದಲ್ಲ. ಆದರೆ ಎರೆಮಣ್ಣಿಗೆ ಒಂದು ವಿಶೇಷ ಗುಣವಿದೆ. ಸೆಪ್ಟೆಂಬರ್ ತಿಂಗಳ ಸುಮಾರಿಗೆ ಬೀಳುವ ಮಳೆಯನ್ನು ಅದು ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲ ಕಳೆಯುವವರೆಗೂ ಬೆಳೆಗೆ ಸ್ವಲ್ಪಸ್ವಲ್ಪವಾಗಿ ಉಣಿಸುತ್ತದೆ. ಬಿಳಿಜೋಳ, ಕಡಲೆ, ಕುಸುಬೆ ಮತ್ತು ಹಿಂಗಾರಿ ಹತ್ತಿ ಈ ತೇವವನ್ನು ನಂಬಿದ ಬೆಳೆಗಳು. ಜವಾರಿ ಹತ್ತಿಯ ತಾಯಿಬೇರು ನೇರವಾಗಿ ಆಳಕ್ಕಿಳಿಯುತ್ತದೆ. ಮೇಲ್ಮಣ್ಣು ಒಣಗಿ ಬಿರಿದಾಗಲೂ ಕೆಳಗಿನ ಪಸೆಯನ್ನು ಹೀರಿ ಬದುಕುತ್ತದೆ. ಈ ನೆಲ, ಈ ಮಳೆ, ಈ ಬೇರು ಇವು ಮೂರೂ ಒಂದನ್ನೊಂದು ಅರಿತು ನಡೆದವು.

ಜವಾರಿ ಹತ್ತಿ ಮತ್ತು ಒಕ್ಕಲುತನದ ಮನೆ

ಹಿಂದಿನ ರೈತನು ಹೊಲದಲ್ಲಿ ಹತ್ತಿಯೊಂದನ್ನೇ ಬಿತ್ತುತ್ತಿರಲಿಲ್ಲ. ನವಣೆ ಅಥವಾ ಜೋಳದ ಸಾಲುಗಳ ನಡುವೆ ಹತ್ತಿ, ಅಕ್ಕಡಿಯಲ್ಲಿ ತೊಗರಿ, ಬದುವಿನಲ್ಲಿ ಪುಂಡಿ ಎಂಬಂತೆ ಬೆಳೆಗಳ ಒಂದು ಕುಟುಂಬವೇ ಅಲ್ಲಿರುತ್ತಿತ್ತು. ಮಳೆ ಕೈಕೊಟ್ಟು ಹತ್ತಿ ಸೊರಗಿದರೆ ನವಣೆಯಾದರೂ ಮನೆಗೆ ಬರುತ್ತಿತ್ತು. ಕಾಳು ಕೈಬಿಟ್ಟರೆ ಹತ್ತಿಯಾದರೂ ಕಂದಾಯಕ್ಕೆ ಒದಗುತ್ತಿತ್ತು. ಬೇಳೆಕಾಳಿನ ಬೇರು ಮಣ್ಣಿಗೆ ಸಾರಜನಕವನ್ನು ಕೂಡಿಸುತ್ತಿತ್ತು. ಬೇರೆ ಬೇರೆ ಎಲೆ ಹೂಗಳ ನಡುವೆ ಕೀಟಗಳನ್ನು ತಿನ್ನುವ ಕೀಟಗಳೂ ಪಕ್ಷಿಗಳೂ ನೆಲೆ ಕಂಡುಕೊಂಡಿದ್ದುದರಿಂದ ಹುಳುವಿನ ಬಾಧೆ ಮಿತಿ ಮೀರುತ್ತಿರಲಿಲ್ಲ.

ಗೊಬ್ಬರಕ್ಕೆ ಮನೆಯ ತಿಪ್ಪೆ ಇತ್ತು. ಸುಗ್ಗಿಯ ನಂತರ ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸುವ ಪದ್ಧತಿಯಿತ್ತು. ಅದಕ್ಕಾಗಿ ಕುರಿಗಾರನಿಗೆ ಜೋಳ ಕೊಡುತ್ತಿದ್ದರು. ಬಿತ್ತನೆಯ ಕಾಳನ್ನು ಸಗಣಿ ಮತ್ತು ಬೂದಿಯಲ್ಲಿ ಉಜ್ಜಿ ನೆರಳಿಗೆ ಹಾಕುವುದು ಹೆಂಗಸರ ಕೆಲಸ. ಮರುವರ್ಷದ ಬೀಜಕ್ಕೆಂದು ಒಳ್ಳೆಯ ಗಿಡದ ಹತ್ತಿಯನ್ನು ಬೇರೆಯಾಗಿ ಬಿಡಿಸಿ ಇಡುವವರೂ ಅವರೇ. ಹೊಲದ ಯಜಮಾನಿಕೆ ಗಂಡಸಿನದಾಗಿದ್ದರೂ ಬೀಜದ ಯಜಮಾನಿಕೆ ಮನೆಯೊಡತಿಯದಾಗಿತ್ತೆಂಬುದನ್ನು ನಾವು ಮರೆಯಲಾಗದು.

ಹತ್ತಿಯಲ್ಲಿ ವ್ಯರ್ಥವೆಂಬುದು ಇರಲಿಲ್ಲ. ಅರಳೆ ನೂಲಿಗೆ, ಗಾದಿಗೆ, ದೇವರ ದೀಪದ ಬತ್ತಿಗೆ, ಹತ್ತಿಕಾಳು ಎಮ್ಮೆ ಆಕಳುಗಳಿಗೆ, ಕಟ್ಟಿಗೆ ಒಲೆಗೆ. ಪಿಂಜಾರರು ಮನೆಮನೆಗೆ ಬಂದು ಅರಳೆ ಹಿಂಜಿ ಗಾದಿ ತುಂಬುತ್ತಿದ್ದರು. ಹರಿದ ಸೀರೆಗಳೂ ಕೌದಿಯಾಗಿ ಇನ್ನೊಂದು ತಲೆಮಾರನ್ನು ಬೆಚ್ಚಗಿರಿಸುತ್ತಿದ್ದವು. ಒಂದು ಬೆಳೆ ಹೀಗೆ ಹಲವು ಕುಲಕಸುಬುಗಳನ್ನು ಒಂದು ಊರಿನಲ್ಲಿ ಹೆಣೆದಿತ್ತು.

ಆ ಕಾಲವೆಲ್ಲ ಸ್ವರ್ಗವಾಗಿತ್ತೆಂದು ಹೇಳುವುದು ಸರಿಯಲ್ಲ. ಬರಗಾಲ ಬಂದಾಗ ಜನ ಗುಳೆ ಹೋದರು. ಸಾಹುಕಾರನ ಬಡ್ಡಿ ಆಗಲೂ ಇತ್ತು. ಹೊಲವಿಲ್ಲದವನ ಪಾಡು ಹೇಳತೀರದಾಗಿತ್ತು. ಇಳುವರಿಯೂ ಅಲ್ಪ. ಆದರೆ ಬೀಜಕ್ಕಾಗಿ, ಗೊಬ್ಬರಕ್ಕಾಗಿ, ಹುಳುವಿನ ಔಷಧಕ್ಕಾಗಿ ರೈತ ಸಾಲ ಮಾಡುತ್ತಿರಲಿಲ್ಲ. ಬೆಳೆ ಸೋತರೆ ಅವನು ಶ್ರಮವನ್ನು ಕಳೆದುಕೊಳ್ಳುತ್ತಿದ್ದನೇ ಹೊರತು ಹೊಲವನ್ನು ಒತ್ತೆಯಿಡುವಷ್ಟು ಬಂಡವಾಳವನ್ನು ಮಣ್ಣಿಗೆ ಸುರಿದಿರುತ್ತಿರಲಿಲ್ಲ.

ಶರಣರ ಕಾಯಕದಲ್ಲಿ ನೂಲು ಮತ್ತು ಮಿತಿ

ಹನ್ನೆರಡನೆಯ ಶತಮಾನದ ಶಿವಶರಣರು ನೂಲುವವರನ್ನೂ ನೇಯುವವರನ್ನೂ ಅನುಭವದ ಉನ್ನತ ಪೀಠದಲ್ಲಿ ಕುಳ್ಳಿರಿಸಿದರು. ಕದಿರೆಯ ಕಾಯಕವನ್ನು ಕೈಕೊಂಡಿದ್ದ ರೆಮ್ಮವ್ವೆ ಆ ಕಾಯಕದಿಂದಲೇ ಕದಿರ ರೆಮ್ಮವ್ವೆಯೆಂದು ಹೆಸರಾದಳು. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ನೇಯ್ಗೆಯ ಕಾಯಕದವನು. ಅವನ ಊರು ಮುದನೂರು ಕೃಷ್ಣೆಯ ಆಚೆ ಸುರಪುರ ಸೀಮೆಯಲ್ಲಿದೆ. ಎರೆನೆಲದ ನೂಲಿಗೂ ಶರಣಧರ್ಮಕ್ಕೂ ಹೀಗೆ ಹಳೆಯ ಬಾಂಧವ್ಯ.

ಲಿಂಗಸೂಗೂರು ತಾಲೂಕಿನ ಗುರುಗುಂಟಾ ಬಳಿಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳುಹಿಸಿದ ಕಥೆಯನ್ನು ಅರಿಯದ ಶರಣಸಂತತಿಯಿಲ್ಲ. ಈ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಅದೇ ತಾಲೂಕಿನ ಹೊಲಗಳಲ್ಲಿ ಮಣ್ಣಿನಿಂದ ಅದರ ಶಕ್ತಿಮೀರಿ ಪಡೆಯುವ ಕೃಷಿ ಬೇರೂರಿದಾಗ ಲಕ್ಕಮ್ಮನ ಮಾತು ಯಾರ ನೆನಪಿಗೂ ಬರಲಿಲ್ಲ. ಮಣ್ಣಿನ ವಿಷಯದಲ್ಲಿಯೂ ಸಾಕು ಎಂಬ ಒಂದು ಅಳತೆಯಿದೆ. ಅದನ್ನು ಮೀರಿದಾಗ ಏನಾಗುವುದೆಂಬುದಕ್ಕೆ ಮುಂದಿನ ನೂರೈವತ್ತು ವರ್ಷಗಳ ಚರಿತ್ರೆ ಸಾಕ್ಷಿ.

ಕಂಪನಿ, ನಿಜಾಮ, ರೈಲು

ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ನಮ್ಮ ಜವಾರಿ ಹತ್ತಿಯದು ಗಿಡ್ಡ ಎಳೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ಬೀಜವನ್ನು ತರಿಸಿ ಧಾರವಾಡ ಸೀಮೆಯಲ್ಲಿ ಬೆಳೆಸಿತು. ‘ಧಾರವಾಡ-ಅಮೆರಿಕನ್’ ಎಂಬ ಹೊಸ ಹತ್ತಿ ಹೀಗೆ ನೆಲೆಗೊಂಡಿತು. 1853ರ ಒಪ್ಪಂದದಂತೆ ನಿಜಾಮನು ಬೇರಾರ್‌ನೊಡನೆ ರಾಯಚೂರು ದೋಆಬನ್ನೂ ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. 1860ರಲ್ಲಿ ದೋಆಬು ಮರಳಿ ನಿಜಾಮನ ಕೈಸೇರಿತು. ಲಿಂಗಸೂಗೂರು ಆಗ ಸೈನ್ಯದ ಛಾವಣಿಯಾಗಿದ್ದ ಊರು. 1905ರವರೆಗೆ ಅದು ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತೆಂಬುದು ಇಂದಿನ ತರುಣರಿಗೆ ತಿಳಿದಿರಲಿಕ್ಕಿಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಹತ್ತಿ ಬರುವುದು ನಿಂತು ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯುತ್ತಲೇ ಕುಸಿಯಿತು. ಸಾವಿರಾರು ಮೈಲಿ ದೂರದ ಜಗಳವೊಂದು ನಮ್ಮ ನಾಡಿನ ರೈತನ ಬದುಕನ್ನು ಏರಿಸಿ ಇಳಿಸಬಲ್ಲುದೆಂಬ ಪಾಠವನ್ನು ದಖ್ಖನಿನ ಜನ ಆಗ ಕಲಿತರು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಅರಳೆ ಬೇರ್ಪಡಿಸುವ ಮತ್ತು ಬೇಲು ಕಟ್ಟುವ ಗಿರಣಿಗಳು ಬಂದವು. ಅಡತಿ ಅಂಗಡಿಗಳು ಬೆಳೆದವು. ಬಳ್ಳಾರಿ ರಾಯಚೂರು ಭಾಗದ ಹಿಂಗಾರಿ ಹತ್ತಿಯು ‘ವೆಸ್ಟರ್ನ್ಸ್’ ಎಂಬ ವ್ಯಾಪಾರೀ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. ಮನೆಯ ಕದಿರು ಮೂಲೆ ಸೇರಿತು. ಹತ್ತಿಯು ಮಾರುವ ಸರಕಾಯಿತು. ಆದರೂ ಗಮನಿಸತಕ್ಕ ಅಂಶವೆಂದರೆ ಬೀಜ ಮಾತ್ರ ಇನ್ನೂ ರೈತನ ಕೈಯಲ್ಲಿಯೇ ಇತ್ತು. 1947ರಲ್ಲಿ ಸ್ವಾತಂತ್ರ್ಯ ಬಂದಾಗ ಭಾರತದ ಹತ್ತಿಯ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು ತೊಂಬತ್ತೇಳರಷ್ಟು ಜವಾರಿ ತಳಿಗಳದ್ದೇ ಆಗಿತ್ತು.

ಕಾಲುವೆ ಬಂದ ಮೇಲೆ

1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕಾರ್ಯ ಫಲಿಸಿ 1953ರಿಂದ ನೀರು ಹರಿಯತೊಡಗಿತು. 227 ಕಿಲೋಮೀಟರ್ ಉದ್ದದ ಎಡದಂಡೆಯ ಕಾಲುವೆ ಸಿಂಧನೂರು ಸೀಮೆಯ ಭಾಗ್ಯವನ್ನೇ ಬದಲಿಸಿತು. ಬರಪೀಡಿತ ನೆಲಕ್ಕೆ ನೀರು ಬಂದುದು ಸಾಮಾನ್ಯ ಉಪಕಾರವಲ್ಲ. ಅದರ ಋಣವನ್ನು ಅಲ್ಲಗಳೆಯುವವನು ಕೃತಘ್ನನು.

ಆದರೆ ಯೋಜನೆಯ ಮೂಲ ಉದ್ದೇಶವೇನಿತ್ತೆಂಬುದನ್ನು ಅರಿಯಬೇಕು. ಹೆಚ್ಚು ಹೊಲಗಳಿಗೆ ಸ್ವಲ್ಪಸ್ವಲ್ಪ ನೀರನ್ನು ಹಂಚಿ ಬರದಿಂದ ರಕ್ಷಿಸುವುದು ಮೂಲ ವಿನ್ಯಾಸ. ಆದ್ದರಿಂದ ಯಾವ ಹೊಲದಲ್ಲಿ ಯಾವ ಬೆಳೆಯೆಂದು ಸರಕಾರ ನಿಗದಿಪಡಿಸಿತ್ತು. ಬಹುಭಾಗ ಜೋಳ, ಹತ್ತಿ ಮುಂತಾದ ಅಲ್ಪನೀರಿನ ಬೆಳೆಗಳಿಗೆ ಮೀಸಲು, ಭತ್ತಕ್ಕೆ ಅಲ್ಪಭಾಗ. ಆದರೆ ಕಾಲುವೆಯ ಮೇಲ್ಭಾಗದವರು ಭತ್ತವನ್ನೇ ವಿಸ್ತರಿಸಿದರು. ಕೆಳಭಾಗದವರು ನೀರಿಗಾಗಿ ಕಾಯುತ್ತ ಕುಳಿತರು. ಎರೆಮಣ್ಣಿನಲ್ಲಿ ನೀರು ನಿಂತು ಹಲವೆಡೆ ಜವುಳು ಮತ್ತು ಚೌಳು ಕಾಣಿಸಿಕೊಂಡವು. ಸಿಂಧನೂರು ಭತ್ತದ ಕಣಜವೆನಿಸಿತು; ಅದೇ ನೆಲದಲ್ಲಿ ಹತ್ತಿಯ ಸಾಲು ಹಿಂದೆ ಸರಿಯಿತು. ಮಸ್ಕಿ ಮತ್ತು ಲಿಂಗಸೂಗೂರು ಕಡೆಯ ಮಳೆಯಾಶ್ರಿತ ಎರೆಹೊಲಗಳಲ್ಲಿ ಹತ್ತಿ ಉಳಿಯಿತಾದರೂ ಹತ್ತಿಯ ಜಾತಿಯೇ ಬದಲಾಗತೊಡಗಿತು.

1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ‘ವರಲಕ್ಷ್ಮಿ’ ಎಂಬ ಸಂಕರಣ ತಳಿಯನ್ನು ಸೃಷ್ಟಿಸಿದರು. ಎರಡು ಭಿನ್ನ ಜಾತಿಗಳ ಹತ್ತಿಯನ್ನು ಕೂಡಿಸಿ ಉದ್ದ ಎಳೆಯ ಉತ್ತಮ ಹತ್ತಿಯನ್ನು ಪಡೆದ ಈ ಸಾಧನೆ ಕನ್ನಡ ನಾಡಿಗೆ ಹೆಮ್ಮೆ ತಂದಿತು. ತುಂಗಭದ್ರಾ ಅಚ್ಚುಕಟ್ಟಿನ ರೈತರು ಅದನ್ನು ಸಂಭ್ರಮದಿಂದ ಬೆಳೆದರು; ಹಲವು ಮನೆಗಳು ಮಾಳಿಗೆ ಕಂಡವು. ಆದರೆ ಸಂಕರಣ ಬೀಜದ ಫಸಲಿನಿಂದ ಮರುವರ್ಷಕ್ಕೆ ಬೀಜ ಇಟ್ಟುಕೊಂಡರೆ ಅದೇ ಗುಣ ಬರುವುದಿಲ್ಲ. ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕು. ಬೀಜದ ಯಜಮಾನಿಕೆ ಮನೆಯೊಡತಿಯ ಗಡಿಗೆಯಿಂದ ಪೇಟೆಯ ಚೀಟಿಗೆ ವರ್ಗವಾದದ್ದು ಈ ಹಂತದಲ್ಲಿ. ಈ ತಳಿಗಳಿಗೆ ಗೊಬ್ಬರ ಹೆಚ್ಚು ಬೇಕು, ನೀರು ಹೆಚ್ಚು ಬೇಕು. ಮೃದುವಾದ ಸೊಂಪು ಎಲೆಗೆ ಹುಳುವೂ ಹೆಚ್ಚು.

ಎಣ್ಣೆ ಹೊಡೆಯುವ ಕಾಲ

ನಮ್ಮ ಭಾಗದಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ದೀಪಕ್ಕೂ ತಲೆಗೂ ಹಚ್ಚುವ ಎಣ್ಣೆಯ ಹೆಸರನ್ನು ವಿಷಕ್ಕೆ ಕೊಟ್ಟದ್ದರಿಂದ ಅದರ ಭಯವೇ ಹೋಯಿತೋ ಏನೋ! ಮೊದಲು ಎರಡು ಸಲ ಹೊಡೆದರೆ ಸಾಕಾಗುತ್ತಿದ್ದುದು ನಾಲ್ಕಾಯಿತು, ಹತ್ತಾಯಿತು. ಹುಳು ವಿಷವನ್ನು ಅರಗಿಸಿಕೊಳ್ಳಲು ಕಲಿಯಿತು. ಹುಳುವನ್ನು ತಿನ್ನುತ್ತಿದ್ದ ಕೀಟಗಳೂ ಪಕ್ಷಿಗಳೂ ಸತ್ತವು. 1990ರ ದಶಕದಲ್ಲಿ ಭಾರತದ ಸಾಗುವಳಿ ಭೂಮಿಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟಿದ್ದ ಹತ್ತಿಗೆ ದೇಶದ ಕೀಟನಾಶಕದ ಸುಮಾರು ಅರ್ಧ ಪಾಲು ಸುರಿಯಲ್ಪಡುತ್ತಿತ್ತು. 1997-98ರಲ್ಲಿ ಆಂಧ್ರದ ವಾರಂಗಲ್ ಭಾಗದಲ್ಲಿ ಹತ್ತಿ ಬೆಳೆಗಾರರು ಸಾಲುಸಾಲಾಗಿ ಆತ್ಮಹತ್ಯೆ ಮಾಡಿಕೊಂಡರು. ಹುಳುವಿಗೆಂದು ಸಾಲ ಮಾಡಿ ತಂದ ವಿಷವನ್ನೇ ಹಲವರು ಕುಡಿದರು.

ಇಂತಹ ವೇಳೆಯಲ್ಲಿ ಕುಲಾಂತರಿ ಬಿಟಿ ಹತ್ತಿ ಬಂದಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಿಷಗುಣವನ್ನು ಹತ್ತಿಯ ಗಿಡದಲ್ಲಿಯೇ ಸೇರಿಸಿ, ಕಾಯಿಕೊರಕ ಹುಳು ಅದನ್ನು ತಿಂದು ಸಾಯುವಂತೆ ಮಾಡುವುದು ಇದರ ತತ್ತ್ವ. ಅನುಮತಿ ದೊರೆಯುವ ಮೊದಲು ಇದರ ಪ್ರಯೋಗಗಳು ನಡೆದ ತಾಣಗಳಲ್ಲಿ ಸಿಂಧನೂರು ಸೀಮೆಯೂ ಒಂದು. 1998ರ ನವೆಂಬರ್ ಕೊನೆಯಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ಇಲ್ಲಿನ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಆ ಹೊಗೆಯ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಸುಡುವುದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಅಂದು ಎದ್ದ ಪ್ರಶ್ನೆಗಳು ನ್ಯಾಯವಾದವು: ಹೊಲದಲ್ಲಿ ಏನನ್ನು ಬಿತ್ತಲಾಗುತ್ತಿದೆಯೆಂದು ಊರಿನವರಿಗೆ ತಿಳಿಸಬೇಡವೇ? ಬೀಜ ಯಾರದು?

2002ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಬಿಟಿ ಹತ್ತಿಗೆ ಅನುಮತಿ ನೀಡಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಕ್ಷೇತ್ರದ ತೊಂಬತ್ತು ಪಾಲಿಗೂ ಹೆಚ್ಚನ್ನು ಅದು ಆವರಿಸಿತು. ಮೊದಮೊದಲು ಕಾಯಿಕೊರಕದ ಬಾಧೆ ತಗ್ಗಿ ಸಿಂಪರಣೆ ಕಡಿಮೆಯಾಯಿತು, ಇಳುವರಿಯೂ ಹೆಚ್ಚಿತು. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ರಸ ಹೀರುವ ಕೀಟಗಳ ಮೇಲೆ ಬಿಟಿಯ ಪ್ರಭಾವವಿಲ್ಲ; ಅವು ಹೆಚ್ಚಿದವು. 2010ರಲ್ಲಿ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಬಿಟಿಯನ್ನು ಜಯಿಸಿದ ಸುದ್ದಿ ಪ್ರಕಟವಾಯಿತು. 2015ರ ಸುಮಾರಿಗೆ ಎರಡನೆಯ ತಲೆಮಾರಿನ ಬಿಟಿಯೂ ಅದರ ಮುಂದೆ ಸೋತಿತು. ಎಣ್ಣೆಯ ಡಬ್ಬಿಗಳು ಮರಳಿ ಹೊಲಕ್ಕೆ ಬಂದವು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ವಿಷ ಸಿಂಪಡಿಸುವಾಗ ಅದನ್ನು ಉಸಿರಾಡಿ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ನೆಲ ನಮ್ಮಂತಹುದೇ, ಬೆಳೆ ನಮ್ಮದೇ. ಆ ದುರಂತ ನಮ್ಮ ಬಾಗಿಲಿಗೆ ದೂರವಲ್ಲ.

ಸಾವಯವದಿಂದ ಸಂಸಾರಕ್ಕೂ ಸೃಷ್ಟಿಗೂ ಒಳಿತು

ಈ ಹಿನ್ನೆಲೆಯಲ್ಲಿ ಸಾವಯವ ಹತ್ತಿಯ ಪ್ರಯೋಜನಗಳನ್ನು ತೂಗಿ ನೋಡಬಹುದು.

ಮೊದಲನೆಯದು ದೇಹಾರೋಗ್ಯ. ಹತ್ತಿಯ ಹೊಲದಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ಬಹುಪಾಲು ಹೆಂಗಸರು. ಬೆಳಗಿನಿಂದ ಸಂಜೆಯವರೆಗೆ ಅವರ ಕೈ, ಮುಖ, ಉಡಿ ಆ ಗಿಡದ ಎಲೆಗೆ ತಾಗುತ್ತಲೇ ಇರುತ್ತವೆ. ಕಂಕುಳ ಕೂಸನ್ನು ಬದುವಿನ ಜೋಳಿಗೆಯಲ್ಲಿ ಮಲಗಿಸಿ ದುಡಿಯುವ ತಾಯಂದಿರಿದ್ದಾರೆ. ವಿಷವಿಲ್ಲದ ಹೊಲವೆಂದರೆ ಇವರ ಪಾಲಿಗೆ ಬದುಕು. ಬೆಲೆಯ ಲೆಕ್ಕಕ್ಕೆ ಇದು ಸಿಕ್ಕುವುದಿಲ್ಲ. ಆದರೆ ಆಸ್ಪತ್ರೆಯ ಲೆಕ್ಕಕ್ಕೆ ಸಿಕ್ಕೀತು.

ಎರಡನೆಯದು ಋಣಭಾರದ ಇಳಿಕೆ. ಬೀಜ ಸ್ವಂತದ್ದು, ಗೊಬ್ಬರ ಕೊಟ್ಟಿಗೆಯದು, ಹುಳುವಿಗೆ ಬೇವಿನ ಬೀಜದ ಕಷಾಯವೆಂದಾದರೆ ಕೈಸಾಲದ ಪ್ರಮಾಣ ತಗ್ಗುತ್ತದೆ. ಮಳೆ ಸೋತ ವರ್ಷ ರೈತನು ಸೋಲುವನಾದರೂ ಮುಳುಗುವುದಿಲ್ಲ. ಜೊತೆಗೆ ಅಕ್ಕಡಿಯ ತೊಗರಿ, ನವಣೆ, ಹೆಸರು ಮನೆಯ ಅಡಿಗೆಗೆ ಒದಗುತ್ತವೆ.

ಮೂರನೆಯದು ಮಣ್ಣು ಮತ್ತು ನೀರು. ತಿಪ್ಪೆಗೊಬ್ಬರ, ಎರೆಹುಳು ಗೊಬ್ಬರ, ಹಸಿರೆಲೆ ಗೊಬ್ಬರಗಳನ್ನು ಉಂಡ ಮಣ್ಣು ಸಡಿಲವಾಗಿ, ಮಳೆಯನ್ನು ಹೆಚ್ಚು ಕುಡಿದು, ಹೆಚ್ಚು ಕಾಲ ಹಿಡಿದಿಡುತ್ತದೆ. ಹಳ್ಳ ಕೆರೆಗಳಿಗೆ ವಿಷ ಹರಿಯುವುದು ತಪ್ಪುತ್ತದೆ. ಜೇನುನೊಣ ಮರಳಿ ಬರುತ್ತದೆ. ಅದು ಬಂದರೆ ಸುತ್ತಲಿನ ಕುಸುಬೆ, ಸೂರ್ಯಕಾಂತಿಗಳೂ ಕಾಳುಗಟ್ಟುತ್ತವೆ.

ಇನ್ನು ತೊಡಕುಗಳನ್ನೂ ಹೇಳಬೇಕು. ಇಲ್ಲವಾದರೆ ಉಪದೇಶ ಕೇಳಿ ನಂಬಿದ ರೈತ ಮೋಸಹೋಗುತ್ತಾನೆ. ರಾಸಾಯನಿಕವನ್ನು ಬಿಟ್ಟ ಮೊದಲ ಎರಡು ಮೂರು ವರ್ಷ ಇಳುವರಿ ಕುಗ್ಗುವುದು ಸಾಮಾನ್ಯ. ಸಾವಯವವೆಂದು ಪ್ರಮಾಣಪತ್ರ ದೊರೆಯುವುದಕ್ಕೂ ಅಷ್ಟೇ ಕಾಲ ಬೇಕು. ಆ ನಡುಗಾಲದಲ್ಲಿ ಹೆಚ್ಚಿನ ಬೆಲೆಯೂ ಇಲ್ಲ. ಜವಾರಿ ಹತ್ತಿಯ ಗಿಡ್ಡ ಎಳೆಯನ್ನು ಇಂದಿನ ದೊಡ್ಡ ಗಿರಣಿಗಳು ಬಯಸುವುದಿಲ್ಲ. ಬಿಟಿಯಲ್ಲದ ಶುದ್ಧ ಬೀಜ ಪೇಟೆಯಲ್ಲಿ ದುರ್ಲಭ. ಪಕ್ಕದ ಹೊಲದ ವಿಷ ಗಾಳಿಯಲ್ಲಿ ತೂರಿ ಬರುತ್ತದೆ. ಗಿರಣಿಯಲ್ಲಿ ಬೇರೆ ಹತ್ತಿಯೊಡನೆ ಬೆರೆತರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಒಬ್ಬನೇ ರೈತ ಇದನ್ನು ಸಾಧಿಸುವುದು ಕಷ್ಟ. ಒಂದು ಊರಿನ ಹತ್ತಿಪ್ಪತ್ತು ಮನೆಗಳು ಕೂಡಿ ಒಂದೇ ಪಟ್ಟಿಯ ಹೊಲಗಳಲ್ಲಿ ಕೈಕೊಂಡರೆ ಸಾಧ್ಯ. ಕರ್ನಾಟಕ ಸರಕಾರ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸಿ ಪ್ರಮಾಣೀಕರಿಸುವ ವ್ಯವಸ್ಥೆಯೂ ದೇಶದಲ್ಲಿದೆ. 2008ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಧಾರವಾಡದ ‘ಜಯಧರ’ದಂತಹ ಸುಧಾರಿತ ಜವಾರಿ ತಳಿಗಳನ್ನು ವಿಜ್ಞಾನಿಗಳು ಹಿಂದೆಯೇ ನೀಡಿದ್ದಾರೆ. ದಾರಿ ಮುಚ್ಚಿಲ್ಲ, ನಡೆಯುವವರು ಬೇಕು.

ಮಠಗಳ ಪರಂಪರೆ ಮತ್ತು ಕರ್ತವ್ಯ

ಈ ಕಾರ್ಯ ಮಠಗಳಿಗೆ ಹೊರಗಿನದೆಂದು ಯಾರೂ ಭಾವಿಸಬಾರದು. ಈಗ ಮಸ್ಕಿ ತಾಲೂಕಿಗೆ ಸೇರಿದ, ಹಿಂದೆ ಲಿಂಗಸೂಗೂರು ತಾಲೂಕಿನಲ್ಲಿದ್ದ ಸಂತೆಕೆಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ಯೆಂಬ ಗ್ರಂಥವನ್ನೇ ರಚಿಸಿದರು. ಶಿವಯೋಗದಲ್ಲಿ ನೆಲೆನಿಂತ ವಿರಕ್ತರೊಬ್ಬರು ಒಕ್ಕಲುತನದ ವಿದ್ಯೆಯನ್ನು ಕನ್ನಡದಲ್ಲಿ ಬರೆದಿಡಬೇಕೆಂದು ಬಗೆದುದು ಸಣ್ಣ ಸಂಗತಿಯಲ್ಲ. ಲಿಂಗಪೂಜೆ ಮತ್ತು ಭೂಮಿಸೇವೆ ಅವರ ದೃಷ್ಟಿಯಲ್ಲಿ ಬೇರೆಬೇರೆಯಾಗಿರಲಿಲ್ಲ. ಹೊಲದ ಜ್ಞಾನ ಹೊಲದವನ ಭಾಷೆಯಲ್ಲಿ ಉಳಿಯಬೇಕೆಂಬ ಅವರ ಕಾಳಜಿ, ಸಾವಯವ ಕೃಷಿಯ ಮಾತನಾಡುವ ಇಂದಿನವರಿಗೆಲ್ಲ ದಾರಿದೀಪ. ಈ ಗ್ರಂಥವನ್ನು ನಮ್ಮ ಪ್ರಸಾದನಿಲಯಗಳ ವಿದ್ಯಾರ್ಥಿಗಳು ಓದುವಂತಾಗಬೇಕು.

ಶ್ರೀಮಠಗಳಿಗೆ ಹೊಲಗಳುಂಟು, ಗೋಶಾಲೆಗಳುಂಟು. ಎಲ್ಲಕ್ಕಿಂತ ಹೆಚ್ಚಾಗಿ ಜನರ ನಂಬಿಕೆಯುಂಟು. ಮಠದ ಎರಡೆಕರೆ ಎರೆಹೊಲದಲ್ಲಿ ಜವಾರಿ ಹತ್ತಿಯನ್ನು ಅಕ್ಕಡಿ ಬೆಳೆಗಳೊಡನೆ ಬೆಳೆದು ತೋರಿಸಿದರೆ ಅದು ನೂರು ಭಾಷಣಗಳಿಗೆ ಸಮ. ಜಾತ್ರೆಯ ಪೇಟೆಯಲ್ಲಿ ಒಂದು ಬೀಜದ ಅಂಗಡಿಯಿಟ್ಟು, ಒಂದು ಸೇರು ಬೀಜ ಒಯ್ದವರು ಮರುವರ್ಷ ಎರಡು ಸೇರು ತಂದೊಪ್ಪಿಸುವ ಕಟ್ಟಳೆ ಮಾಡಿದರೆ ಬೀಜವೂ ದಾಸೋಹದ ವಸ್ತುವಾದೀತು. ಮಠದಲ್ಲಿ ಅನ್ನವುಂಡು ಕಲಿತು ಇಂದು ಬೆಂಗಳೂರು, ಮುಂಬಯಿ, ಪರದೇಶಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಂತಹ ಹತ್ತಿ ನೂಲಿಸಿ ನೇಯಿಸಲು ಮೊದಲ ಗಿರಾಕಿಗಳಾಗಿ ನಿಂತರೆ, ಬೆಳೆಗಾರನಿಗೆ ಪೇಟೆಯ ಚಿಂತೆ ಅರ್ಧ ತಪ್ಪುತ್ತದೆ. ಗಿಡ್ಡ ಎಳೆಯ ಹತ್ತಿ ಗಿರಣಿಗೆ ಬೇಡವಾದರೂ ಕೈಮಗ್ಗದ ಪಂಚೆ, ಟವೆಲು, ಜಮಖಾನೆ, ಗಾದಿಗಳಿಗೆ ಬೇಡವೆನ್ನುವವರಿಲ್ಲ. ಐನೋರ ವಸ್ತ್ರವೂ ಮಕ್ಕಳ ತೊಟ್ಟಿಲ ಹಾಸಿಗೆಯೂ ವಿಷವಿಲ್ಲದ ಹೊಲದ ಅರಳೆಯಿಂದಾಗಲಿ ಎಂದು ಭಕ್ತರು ಸಂಕಲ್ಪಿಸಿದರೆ ಸಾಕು, ಒಂದು ಊರಿನ ಹತ್ತಿಗೆ ಬೇಡಿಕೆ ಹುಟ್ಟುತ್ತದೆ.

ಮಸ್ಕಿಯ ಬಂಡೆ ಅಲ್ಪನ ಸಾಧನೆಯನ್ನು ಹೇಳಿತು. ಅಮರೇಶ್ವರದ ಲಕ್ಕಮ್ಮ ಸಾಕೆಂಬ ಅಳತೆಯನ್ನು ಕಲಿಸಿದಳು. ಸಂತೆಕೆಲ್ಲೂರಿನ ಶಿವಯೋಗಿಗಳು ಕೃಷಿಯನ್ನು ಜ್ಞಾನವೆಂದು ಕರೆದರು. ಮೂವರೂ ನಮ್ಮ ಈ ಎರೆನೆಲದವರೇ. ಬರುವ ಹಿಂಗಾರಿಗೆ ಪ್ರತಿ ಊರಿನಲ್ಲಿ ಒಬ್ಬ ರೈತನಾದರೂ ತನ್ನ ಹೊಲದ ಒಂದು ಮೂಲೆಯಲ್ಲಿ ಜವಾರಿ ಹತ್ತಿಯ ನಾಲ್ಕು ಸಾಲು ಬಿತ್ತಲಿ. ಆ ಮನೆಯ ತಾಯಿ ಮರುವರ್ಷಕ್ಕೆಂದು ಒಂದು ಗಡಿಗೆ ಬೀಜ ಎತ್ತಿಡಲಿ. ಗಡಿಗೆಯಲ್ಲಿ ಬೀಜವಿರುವವರೆಗೆ ರೈತನ ಮನೆ ಪರರ ಹಂಗಿಗೆ ಬೀಳುವುದಿಲ್ಲ.